ಮೂರು ತಲೆಮಾರಿನ ಮನೆಗೆ ಬೆಳಗಿನ ತಿಂಡಿ ಯಾವುದು?

ನೆಲಮಂಗಲದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ಜನರಿದ್ದೇವೆ. ಅರವತ್ತೆಂಟು ದಾಟಿದ ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದು ಕಳೆದ ತಿಂಗಳಷ್ಟೇ ಗೊತ್ತಾಯಿತು. ಅತ್ತೆಯವರು ಏಳೆಂಟು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒಂಬತ್ತನೇ ತರಗತಿಯ ಮಗಳಿಗೆ ಹಿಮೋಗ್ಲೋಬಿನ್ ಕಡಿಮೆ ಇದೆಯೆಂದು ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಬರೆದುಕೊಟ್ಟಿದ್ದಾರೆ. ಎಂಟು ವರ್ಷದ ಮಗ ತಟ್ಟೆಯಲ್ಲಿ ಹಸಿರು ಬಣ್ಣ ಕಂಡರೆ ಎದ್ದು ಹೋಗುತ್ತಾನೆ. ನಾನೂ ನಮ್ಮ ಯಜಮಾನರೂ ಎಂಟೂಕಾಲಿಗೆ ಮನೆ ಬಿಡಬೇಕು, ಆದ್ದರಿಂದ ಐದೂವರೆಗೆ ಎದ್ದರೂ ತಿಂಡಿ ಮತ್ತು ಡಬ್ಬಿಗಳಿಗೆ ಸಿಗುವುದು ಒಂದೂವರೆ ಗಂಟೆ ಮಾತ್ರ.

ನಮ್ಮ ವಾರದ ತಿಂಡಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸೋಮವಾರ ಇಡ್ಲಿ, ಮಂಗಳವಾರ ಚಿತ್ರಾನ್ನ, ಬುಧವಾರ ಉಪ್ಪಿಟ್ಟು, ಗುರುವಾರ ಉಳಿದ ಹಿಟ್ಟಿನ ದೋಸೆ, ಶುಕ್ರವಾರ ಅವಲಕ್ಕಿ, ಶನಿವಾರ ಪುಳಿಯೋಗರೆ, ಭಾನುವಾರ ಪೂರಿ ಸಾಗು ಇಲ್ಲವೇ ಹೋಟೆಲು. ಹೊಟ್ಟೆ ತುಂಬ ತಿಂದರೂ ಹತ್ತೂವರೆ ಹನ್ನೊಂದಕ್ಕೆಲ್ಲ ಎಲ್ಲರಿಗೂ ಹಸಿವು. ಆ ಹೊತ್ತಿಗೆ ಮಾವನವರು ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ಕೂತಿರುತ್ತಾರೆ. ವೈದ್ಯರು ‘ಅನ್ನ ಕಡಿಮೆ ಮಾಡಿ’ ಎಂದರೇ ಹೊರತು ಅದರ ಜಾಗಕ್ಕೆ ಏನು ಬರಬೇಕೆಂದು ಹೇಳಲಿಲ್ಲ. ನಾದಿನಿ ಓಟ್ಸ್ ಎನ್ನುತ್ತಾರೆ, ಪಕ್ಕದ ಮನೆಯವರು ರಾಗಿ ಗಂಜಿ ಎನ್ನುತ್ತಾರೆ, ಯಜಮಾನರ ಗೆಳೆಯರೊಬ್ಬರು ತಿಂಡಿಯನ್ನೇ ಬಿಟ್ಟುಬಿಡಿ ಎನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುವುದು ನನ್ನಿಂದ ಆಗದ ಮಾತು. ಒಂದೇ ಒಲೆಯ ಮೇಲೆ ಆರು ಜನರಿಗೂ ಒಗ್ಗುವ ತಿಂಡಿಯನ್ನು ಹೇಗೆ ಆರಿಸಿಕೊಳ್ಳಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಪಥ್ಯದಡುಗೆ (ಶಿವಮೊಗ್ಗ):

ನಾನು ಆಹಾರತಜ್ಞೆಯಾಗಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪಟ್ಟಿಯನ್ನು ಓದಿದಾಗ ನನಗೆ ಮೊದಲು ಕಂಡದ್ದು ಕೆಟ್ಟ ತಿಂಡಿಗಳಲ್ಲ, ಕಾಳುಬೇಳೆಯ ಗೈರುಹಾಜರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೊಕ್ಯಾಲೊರಿಯ ದಿನವೊಂದಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು ಎಂದು ಹೇಳಿದ್ದಾರೆ. ಇವೆಲ್ಲ ಬೇಯಿಸುವ ಮೊದಲಿನ ತೂಕ. ಮೊದಲ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ. ನಿಮ್ಮ ಅತ್ತೆಯವರು ಪಾವಿನಲ್ಲಿ ಅಳೆದು ಇಡ್ಲಿಗೆ ನೆನೆಹಾಕುತ್ತಿದ್ದರೆ ಈ ಲೆಕ್ಕ ಅವರಿಗೆ ಹೊಸದೇನೂ ಅಲ್ಲ, ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಎನ್ನುವುದು ಎಷ್ಟೋ ಮನೆಗಳ ಅಳತೆ.

ಈ ಮೂರಕ್ಕೊಂದರ ಅಳತೆಗೋಲನ್ನು ಹಿಡಿದು ನಿಮ್ಮ ವಾರವನ್ನೊಮ್ಮೆ ನೋಡಿ. ಇಡ್ಲಿ ಮತ್ತು ದೋಸೆ ಪಾಸಾಗುತ್ತವೆ. ಚಿತ್ರಾನ್ನದಲ್ಲಿ ಬೇಳೆ ಎಂದರೆ ಒಗ್ಗರಣೆಗೆ ಬಿದ್ದ ಒಂದು ಚಮಚ ಕಡಲೆಬೇಳೆ ಮತ್ತು ಹುಡುಕಿದರೆ ಸಿಗುವ ನಾಲ್ಕು ಕಡಲೆಬೀಜ. ಉಪ್ಪಿಟ್ಟಿನದೂ ಪುಳಿಯೋಗರೆಯದೂ ಅದೇ ಕಥೆ. ಪೂರಿಗೆ ಎಣ್ಣೆಯೂ ಸೇರಿತು, ಆಲೂಗಡ್ಡೆಯ ಸಾಗು ಹಿಟ್ಟಿನ ಮೇಲೆ ಇನ್ನಷ್ಟು ಪಿಷ್ಟವನ್ನೇ ಹೇರುತ್ತದೆ. ಹತ್ತೂವರೆಯ ಹಸಿವಿಗೆ ಇದೇ ಮುಖ್ಯ ಕಾರಣ. ಪಿಷ್ಟವೊಂದೇ ಇದ್ದಾಗ ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಸರಕ್ಕನೆ ಏರಿಸುತ್ತದೆ, ಅಷ್ಟೇ ಬೇಗ ಹೊಟ್ಟೆಯೂ ಖಾಲಿ ಎನ್ನಿಸುತ್ತದೆ. ಪ್ರೋಟೀನು ಮತ್ತು ನಾರು ಜೊತೆಗಿದ್ದರೆ ಹೊಟ್ಟೆಯಿಂದ ಆಹಾರ ಮುಂದಕ್ಕೆ ಸಾಗುವುದೇ ನಿಧಾನವಾಗುತ್ತದೆ.

ಇಡ್ಲಿ ಪಾಸಾಯಿತೆಂದು ಪೂರ್ತಿ ನೆಮ್ಮದಿಪಡುವಂತೆಯೂ ಇಲ್ಲ. ಮನೆಯ ಸಾಧಾರಣ ಗಾತ್ರದ ಒಂದು ಇಡ್ಲಿಗೆ ಹದಿನೈದು ಗ್ರಾಂ ಅಕ್ಕಿ, ಐದು ಗ್ರಾಂ ಉದ್ದು ಹೋಗುತ್ತದೆ ಎಂದಿಟ್ಟುಕೊಳ್ಳಿ. ಅಕ್ಕಿಯಲ್ಲಿ ನೂರು ಗ್ರಾಮಿಗೆ ಎಂಟು ಗ್ರಾಮಿನಷ್ಟು, ಉದ್ದಿನಬೇಳೆಯಲ್ಲಿ ಇಪ್ಪತ್ತಮೂರರಷ್ಟು ಪ್ರೋಟೀನಿದೆ. ಅಲ್ಲಿಗೆ ಇಡ್ಲಿಯೊಂದಕ್ಕೆ ಎರಡು ಗ್ರಾಂ ಚಿಲ್ಲರೆ, ಮೂರು ಇಡ್ಲಿಗೆ ಏಳು ಗ್ರಾಂ. ಭಾರತೀಯರಿಗೆ ಶಿಫಾರಸು ಮಾಡಿರುವುದು ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ, ಅರವತ್ತೈದು ಕಿಲೋ ತೂಗುವ ನಿಮ್ಮ ಮಾವನಂಥವರಿಗೆ ಐವತ್ನಾಲ್ಕು ಗ್ರಾಂ. ಬೆಳಿಗ್ಗೆ ಹದಿನೈದಾದರೂ ಹೋಗದಿದ್ದರೆ ಉಳಿದ ಎರಡು ಊಟಗಳು ಆ ಸಾಲವನ್ನು ತೀರಿಸುವುದು ಕಷ್ಟ. ಉಳಿದ ಎಂಟು ಗ್ರಾಂ ಬರಬೇಕಾದದ್ದು ಸಾಂಬಾರಿನಿಂದ. ಆದರೆ ನಮ್ಮ ಸಾಂಬಾರು ವರ್ಷದಿಂದ ವರ್ಷಕ್ಕೆ ನೀರಾಗುತ್ತಿದೆ, ಚಟ್ನಿ ಎಂದರೆ ತೆಂಗಿನಕಾಯಿ ಮಾತ್ರ ಎಂದಾಗಿದೆ. ಹುರಿಗಡಲೆಯನ್ನು ಕಾಯಿಯಷ್ಟೇ ಹಾಕಿ ರುಬ್ಬಿದ ಚಟ್ನಿ, ಸೌಟಿಗೆ ಬೇಳೆ ಸಿಗುವ ಸಾಂಬಾರು, ಕೊನೆಗೆ ಅರ್ಧ ಲೋಟ ಮಜ್ಜಿಗೆ: ಇಷ್ಟಾದರೆ ಅದೇ ಇಡ್ಲಿ ಬೇರೆಯೇ ತಿಂಡಿಯಾಗುತ್ತದೆ. ಆದ್ದರಿಂದ ‘ಯಾವ ತಿಂಡಿ’ ಎನ್ನುವುದಕ್ಕಿಂತ ‘ತಿಂಡಿಯ ಪಕ್ಕದಲ್ಲಿ ಏನು’ ಎಂದು ಕೇಳಿಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ.

ರಾಗಿಕಣ (ಚನ್ನಪಟ್ಟಣ):

ಮೇಡಂ, ಇಷ್ಟೆಲ್ಲ ಲೆಕ್ಕದ ಅಗತ್ಯವೇ ಇಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಹಳೇ ಮೈಸೂರು ಸೀಮೆಯವರಿಗೆ ರಾಗಿಯಿದ್ದರೆ ಸಾಕು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿಗೂ ಮೀರಿ ಸುಣ್ಣದಂಶವಿದೆ, ಅಷ್ಟೇ ಹಾಲಿನಲ್ಲಿ ಇರುವುದರ ಸುಮಾರು ಮೂರರಷ್ಟು. ನಾನು ಎರಡು ವರ್ಷಗಳಿಂದ ಬೆಳಿಗ್ಗೆ ಒಂದು ದೊಡ್ಡ ಲೋಟ ಮೊಳಕೆ ರಾಗಿಯ ಗಂಜಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದೇನೆ. ನಿಮ್ಮ ಮಾವನವರಿಗೂ ಅದನ್ನೇ ಕೊಡಿ, ಸಕ್ಕರೆ ತಾನಾಗಿಯೇ ಇಳಿಯುತ್ತದೆ.

ಪಥ್ಯದಡುಗೆ (ಶಿವಮೊಗ್ಗ):

ರಾಗಿಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಸಕ್ಕರೆ ಕಾಯಿಲೆಯವರಿಗೆ ‘ತಾನಾಗಿಯೇ ಇಳಿಯುತ್ತದೆ’ ಎಂಬ ಮಾತನ್ನು ಇಲ್ಲಿ ಹಾಗೆಯೇ ಬಿಡಲಾರೆ. ರಾಗಿಯನ್ನು ಮೊಳಕೆ ಬರಿಸಿದಾಗ ಅದರೊಳಗೆ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಮೊಳಕೆ ರಾಗಿಹಿಟ್ಟಿನ ಗಂಜಿ ಮುದ್ದೆಯಂತೆ ಗಟ್ಟಿಯಾಗದೆ ತೆಳ್ಳಗೆ, ತುಸು ಸಿಹಿಯಾಗಿ ಉಳಿಯುವುದು ಇದೇ ಕಾರಣಕ್ಕೆ. ಹಸುಗೂಸಿಗೆ ಇದು ವರದಾನ, ಪುಟ್ಟ ಹೊಟ್ಟೆಗೆ ತೆಳುವಾದ ಗಂಜಿಯಲ್ಲೇ ಹೆಚ್ಚು ಹಿಟ್ಟು ಸೇರಿಸಿ ಉಣಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಅದೇ ಗುಣ ತೊಡಕಾಗುತ್ತದೆ, ಅರ್ಧ ಜೀರ್ಣವಾದಂತಿರುವ ನುಣ್ಣನೆಯ ಪಿಷ್ಟ ಲೋಟದಿಂದ ನೇರವಾಗಿ ಗಂಟಲಿಗಿಳಿದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅದೇ ರಾಗಿ ಸೊಪ್ಪು, ಈರುಳ್ಳಿ ಸೇರಿದ ರೊಟ್ಟಿಯಾಗಿ, ಹುರುಳಿಯ ಬಸ್ಸಾರಿನ ಜೊತೆ ಮುದ್ದೆಯಾಗಿ ಬಂದಾಗ ವೇಗ ತಗ್ಗುತ್ತದೆ. ಆಗಲೂ ಮುದ್ದೆಯ ಗಾತ್ರದ ಮೇಲೆ ಕಣ್ಣಿರಬೇಕು.

ಇನ್ನೊಂದು ಮಾತು. ರಾಗಿಯ ಪ್ರೋಟೀನು ನೂರಕ್ಕೆ ಏಳು ಗ್ರಾಮಿನ ಆಸುಪಾಸು, ಅಂದರೆ ಅಕ್ಕಿಗಿಂತ ಹೆಚ್ಚೇನೂ ಅಲ್ಲ. ಮೂರಕ್ಕೊಂದರ ನಿಯಮದಿಂದ ರಾಗಿಗೂ ವಿನಾಯಿತಿಯಿಲ್ಲ. ನಿಮ್ಮ ಹಿರಿಯರು ಮುದ್ದೆಯನ್ನು ಒಂಟಿಯಾಗಿ ಉಂಡವರಲ್ಲ, ಉಪ್ಸಾರು, ಬಸ್ಸಾರು, ಮೊಳಕೆ ಕಾಳಿನ ಸಾರು ಎಂದು ಕಾಳು ಸದಾ ಜೊತೆಗಿತ್ತು. ಗಂಜಿಯ ಲೋಟಕ್ಕೆ ಬರುವಾಗ ನಾವು ಸಾರನ್ನು ಹಿಂದೆ ಬಿಟ್ಟು ಬಂದೆವು.

ರಾಗಿಕಣ (ಚನ್ನಪಟ್ಟಣ):

ಮೊಳಕೆ ರಾಗಿಯ ಗಂಜಿ ಏಕೆ ಗಟ್ಟಿಯಾಗುವುದಿಲ್ಲ ಎಂಬುದು ಇಷ್ಟು ವರ್ಷವಾದರೂ ನನಗೆ ತಿಳಿದಿರಲಿಲ್ಲ. ‘ಸಕ್ಕರೆ ಇಳಿಯುತ್ತದೆ’ ಎಂದ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ರಾಗಿ ರೊಟ್ಟಿಯ ವಾದವನ್ನು ಮಾತ್ರ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ನುಗ್ಗೆಸೊಪ್ಪು ಬಿಡಿಸಿ, ಈರುಳ್ಳಿ ಹೆಚ್ಚಿಟ್ಟುಕೊಂಡರೆ ಬೆಳಿಗ್ಗೆ ಎರಡು ಕಾವಲಿಯಲ್ಲಿ ಆರು ಜನರಿಗೆ ಮುಕ್ಕಾಲು ಗಂಟೆ ಸಾಕು. ಹಿಟ್ಟಿಗೆ ಒಂದು ಹಿಡಿ ಕಡಲೆಹಿಟ್ಟು ಸೇರಿಸಿದರೆ ಮೇಡಂ ಅವರ ಲೆಕ್ಕವೂ ಹತ್ತಿರಕ್ಕೆ ಬರುತ್ತದೆ, ರೊಟ್ಟಿ ತಟ್ಟುವಾಗ ಬಿರಿಯುವುದೂ ಕಡಿಮೆಯಾಗುತ್ತದೆ.

ಬಿಳಿಜೋಳ (ವಿಜಯಪುರ):

ನಮ್ಮ ಕಡೆ ಹೊಲದ ಕೆಲಸದ ಮನೆಗಳಲ್ಲಿ ಮುಂಜಾನೆಯೇ ಊಟ, ತಿಂಡಿ ಎನ್ನುವ ಪ್ರತ್ಯೇಕ ಪದಾರ್ಥ ಇರಲಿಲ್ಲ. ಜೋಳದ ರೊಟ್ಟಿ, ಮಡಕೆ ಕಾಳಿನ ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಇಲ್ಲವೇ ಗುರೆಳ್ಳ ಹಿಂಡಿ, ಗಟ್ಟಿ ಮೊಸರು, ಬದಿಗೆ ಹಸಿ ಮೆಂತ್ಯ ಸೊಪ್ಪು, ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ. ಅಗಸಿ ಹಿಂಡಿಯ ಕೊಬ್ಬಿನಲ್ಲಿರುವ ಒಮೆಗಾ-3ರ ಸುದ್ದಿ ಈಗ ಪೇಟೆಯಲ್ಲಿ ದೊಡ್ಡದಾಗಿದೆ, ನಮ್ಮವ್ವನಿಗೆ ಅದು ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿಯಷ್ಟೇ.

ಆದರೆ ಹಳೆಯದನ್ನು ಹೊಗಳುತ್ತಾ ಕೂರುವುದು ನನ್ನ ಉದ್ದೇಶವಲ್ಲ. ಇಂದು ಇದೇ ಊರಿನ ಬಸ್‌ಸ್ಟ್ಯಾಂಡಿನ ಮುಂದೆ ಮುಂಜಾನೆ ಏಳಕ್ಕೆ ನಿಂತು ನೋಡಿದರೆ ಉಪ್ಪಿಟ್ಟು, ಸುಸಲಾ, ಮಿರ್ಚಿ ಭಜಿ, ಮೇಲೊಂದು ಸಕ್ಕರೆ ಚಹಾ. ರೊಟ್ಟಿ ಮನೆಯಲ್ಲಿ ಬಡಿಯುವವರು ಇಲ್ಲದೆ ಖಾನಾವಳಿಯ ಮಧ್ಯಾಹ್ನದ ಪದಾರ್ಥವಾಗಿದೆ. ನಾವು ಕಂಡುಕೊಂಡ ಉಪಾಯವೆಂದರೆ ಕಟಿ ರೊಟ್ಟಿ. ಹದಿನೈದು ದಿನಕ್ಕಾಗುವಷ್ಟನ್ನು ಒಮ್ಮೆಲೇ ಬಡಿದು ಒಣಗಿಸಿ ಇಟ್ಟರೆ ಮುಂಜಾನೆಯ ಕೆಲಸ ಬರೀ ಕಾಳು ಕುದಿಸುವುದು. ಬೆಂಗಳೂರಿನಲ್ಲಿಯೂ ಈಗ ರೊಟ್ಟಿ ಮಾಡಿ ಮಾರುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಅಂಗಡಿಗಳು ಬಡಾವಣೆಗೊಂದರಂತೆ ಇವೆ. ವಾರಕ್ಕೊಮ್ಮೆ ತಂದಿಡಿ, ಅಕ್ಕಾರೆ.

ಕುಂದಾಪುರದ ಗಂಜಿ:

ನಮ್ಮೂರ ಕುಚ್ಚಲಕ್ಕಿ ಗಂಜಿಯ ಪರವಾಗಿ ಒಂದು ಮಾತು. ಭತ್ತವನ್ನು ಕುದಿಸಿ ಒಣಗಿಸಿ ಅಕ್ಕಿ ಮಾಡುವುದರಿಂದ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ, ಆದ್ದರಿಂದ ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಇದರಲ್ಲಿ ಥಯಾಮಿನ್ (ಬಿ1 ಜೀವಸತ್ವ) ಹೆಚ್ಚು ಉಳಿಯುತ್ತದೆ. ಆದರೆ ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಏಳುವ ಅಭ್ಯಾಸದಲ್ಲಿ ಎರಡು ದೋಷಗಳಿವೆ. ಕಾಳಿಲ್ಲ, ಉಪ್ಪು ವಿಪರೀತ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವುದು ಐದು ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಹಾ ಚಮಚ. ಅದರ ಗಣನೀಯ ಪಾಲನ್ನು ನಾವು ಬೆಳಿಗ್ಗೆಯೇ ಮುಗಿಸುತ್ತಿದ್ದೆವು. ಅಪ್ಪಯ್ಯನಿಗೆ ರಕ್ತದೊತ್ತಡ ಬಂದ ಮೇಲೆ ಅಮ್ಮ ಗಂಜಿಗೇ ಹೆಸರುಕಾಳು ಸೇರಿಸಿ ಬೇಯಿಸತೊಡಗಿದರು, ನೆಂಚಿಕೊಳ್ಳಲು ಒಂದೆಲಗದ ಚಟ್ನಿ ಅಥವಾ ಹುರುಳಿ ಚಟ್ನಿ. ಉಪ್ಪಿನಕಾಯಿ ಭರಣಿ ಈಗ ಅಟ್ಟ ಸೇರಿದೆ. ಮಳೆಗಾಲದಲ್ಲಿ ಅಪ್ಪಯ್ಯ ಆ ಅಟ್ಟದ ಕಡೆ ನೋಡುವ ನೋಟವನ್ನು ಮಾತ್ರ ಬಣ್ಣಿಸಲಾರೆ.

ಒಂದ್ಹೊತ್ತು:

ಎಲ್ಲರೂ ಏನು ತಿನ್ನಬೇಕೆಂದೇ ಹೇಳುತ್ತಿದ್ದೀರಿ. ತಿನ್ನಲೇಬೇಕೇ ಎಂದು ಯಾರೂ ಕೇಳುತ್ತಿಲ್ಲ. ನಾನು ಬೆಳಗಿನ ತಿಂಡಿ ಬಿಟ್ಟು ಒಂದೂವರೆ ವರ್ಷವಾಯಿತು, ಒಂಬತ್ತು ಕಿಲೋ ಇಳಿದಿದ್ದೇನೆ. ‘ಬೆಳಗಿನ ತಿಂಡಿ ದಿನದ ಅತಿ ಮುಖ್ಯ ಆಹಾರ’ ಎಂಬ ಮಾತು ಡಬ್ಬಿಯಲ್ಲಿ ಸೀರಿಯಲ್ ಮಾರುವವರಿಗೆ ತುಂಬ ಅನುಕೂಲವಾದ ಮಾತು.

ಮಾತ್ರೆ ಅಂಗಡಿ (ಹಾಸನ):

ಆರೋಗ್ಯವಂತ ವಯಸ್ಕರೊಬ್ಬರು ತಮ್ಮ ಇಚ್ಛೆಯಿಂದ ತಿಂಡಿ ಬಿಡುವುದು ಬೇರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಅರವತ್ತೆಂಟರ ಹಿರಿಯರು ಬಿಡುವುದು ಬೇರೆ. ನಾನು ಔಷಧಿ ಅಂಗಡಿಯಲ್ಲಿ ದಿನಾ ನೋಡುವ ಚೀಟಿಗಳಲ್ಲಿ ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಇರುತ್ತವೆ. ಅವು ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವಂಥವು. ಮಾತ್ರೆ ನುಂಗಿ ತಿಂಡಿ ತಿನ್ನದಿದ್ದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು, ಕೆಲವೊಮ್ಮೆ ಪ್ರಜ್ಞೆಯೇ ತಪ್ಪಬಹುದು. ನಿಮ್ಮ ಮಾವನವರಿಗೆ ಬರೆದಿರುವ ಮಾತ್ರೆ ಯಾವುದು, ಅದನ್ನು ಊಟಕ್ಕೆ ಮೊದಲೋ ನಂತರವೋ ಎಂದು ವೈದ್ಯರಿಂದಲೇ ಖಚಿತಪಡಿಸಿಕೊಳ್ಳಿ.

ಅತ್ತೆಯವರ ವಿಷಯದಲ್ಲಿ ತಿಂಡಿಯ ಆಯ್ಕೆಗಿಂತ ಗಡಿಯಾರ ಮುಖ್ಯ. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಏನನ್ನೂ ಸೇವಿಸಬಾರದು. ‘ಏನನ್ನೂ’ ಎನ್ನುವುದರಲ್ಲಿ ಕಾಫಿಯೂ ಸೇರಿದೆ. ಈ ಮಾತನ್ನು ನಮ್ಮ ಹಾಸನ ಜಿಲ್ಲೆಯಲ್ಲಿ ಹೇಳಿದರೆ ಜನ ಕೈಯಲ್ಲಿದ್ದ ಕಾಫಿ ಲೋಟವನ್ನು ಹಿಂದಕ್ಕೆ ಮುಚ್ಚಿಡುತ್ತಾರೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿದ್ದರೆ ಅವುಗಳಿಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆಯಾದರೂ ಅಂತರವಿರಬೇಕು.

ಒಂದ್ಹೊತ್ತು:

ಒಪ್ಪಿದೆ. ನನಗೆ ಯಾವ ಮಾತ್ರೆಯೂ ಇಲ್ಲ ಎಂಬುದನ್ನು ಮೊದಲೇ ಹೇಳಬೇಕಿತ್ತು. ಮಕ್ಕಳಿಗೂ ನಾನು ತಿಂಡಿ ಬಿಡಿಸಿಲ್ಲ.

ಕನ್ನಡ ಮೇಡಂ (ಚಿತ್ರದುರ್ಗ ಜಿಲ್ಲೆ):

ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುವವಳಾಗಿ ಮಗಳ ಬಗ್ಗೆ ಬರೆಯುತ್ತಿದ್ದೇನೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿಯುವ ಹುಡುಗಿಯರನ್ನು ವಿಚಾರಿಸಿದರೆ ಹೆಚ್ಚಿನವರ ಉತ್ತರ ಒಂದೇ: ‘ಟೀ ಕುಡಿದು ಬಂದೆ ಮಿಸ್.’ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು ಎಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಆರಂಭವಾಗಿ ಲೋಟ ಹಾಲು ಬಂದ ಮೇಲೆ, ಅನಂತರ ಮೊಟ್ಟೆ, 2024ರಿಂದ ರಾಗಿ ಮಾಲ್ಟ್ ಸೇರಿದ ಮೇಲೆ ಕುಸಿಯುವವರು ಕಡಿಮೆಯಾಗಿದ್ದಾರೆ ಎಂಬುದು ನನ್ನ ಕಣ್ಣಳತೆಯ ಮಾತು, ಲೆಕ್ಕವಿಟ್ಟವಳಲ್ಲ. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಕೊಡುತ್ತೇವೆ. ಹಣ್ಣು ಒಳ್ಳೆಯದೇ, ಆದರೆ ಮೊಟ್ಟೆಯ ಆರು ಗ್ರಾಂ ಪ್ರೋಟೀನಿಗೆ ಅದು ಬದಲಿಯಲ್ಲ.

ನಿಮ್ಮ ಮಗಳು ಬೆಳಿಗ್ಗೆ ಚಹಾ ಕುಡಿಯುತ್ತಾಳೆಯೇ ಎಂದು ಮೊದಲು ನೋಡಿ.

ಪಥ್ಯದಡುಗೆ (ಶಿವಮೊಗ್ಗ):

ಮೇಡಂ ಹೇಳಿದ್ದು ಬಹಳ ಮುಖ್ಯವಾದದ್ದು. ಹದಿಮೂರರಿಂದ ಹದಿನೈದರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕೆಂದು ನಮ್ಮ ಶಿಫಾರಸು. ಸಸ್ಯಾಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದೇ ಕಡಿಮೆ, ಚಹಾ ಕಾಫಿಯ ಟ್ಯಾನಿನ್ ಅದನ್ನೂ ತಡೆಯುತ್ತದೆ. ಊಟ ತಿಂಡಿಯ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಚಹಾ ಕಾಫಿ ಬೇಡವೆಂದು 2024ರ ಮಾರ್ಗಸೂಚಿಯಲ್ಲೂ ಇದೆ. ಇದಕ್ಕೆ ಎದುರಾಗಿ ನಿಂಬೆ, ಸೀಬೆ, ನೆಲ್ಲಿಯ ಸಿ ಜೀವಸತ್ವ ಕಬ್ಬಿಣ ಹೀರಿಕೆಗೆ ನೆರವಾಗುತ್ತದೆ. ಅವಲಕ್ಕಿಗೆ ಕೊನೆಯಲ್ಲಿ ನಿಂಬೆಹಣ್ಣು ಹಿಂಡುವ ನಮ್ಮ ರೂಢಿ ಎಷ್ಟು ಒಳ್ಳೆಯದೆಂದರೆ ನಾನು ಅದನ್ನು ಪಥ್ಯದ ಚೀಟಿಯಲ್ಲೇ ಬರೆಯುತ್ತೇನೆ: ಒಲೆ ಆರಿಸಿದ ಮೇಲೆ ಹಿಂಡಬೇಕು, ಕಾವಿಗೆ ಸಿ ಜೀವಸತ್ವ ನಿಲ್ಲುವುದಿಲ್ಲ. ಮೊಳಕೆ ಬರಿಸುವುದು, ಹಿಟ್ಟು ಹುಳಿಯಲು ಬಿಡುವುದು ಕೂಡ ಧಾನ್ಯದಲ್ಲಿ ಕಬ್ಬಿಣವನ್ನು ಕಟ್ಟಿಹಾಕಿರುವ ಫೈಟಿಕ್ ಆಮ್ಲವನ್ನು ತಗ್ಗಿಸುತ್ತವೆ. ಹೀಗಾಗಿ ರಾತ್ರಿಯಿಡೀ ಹುಳಿದ ಇಡ್ಲಿಗೂ ಅಡುಗೆ ಸೋಡಾ ಹಾಕಿ ಹತ್ತು ನಿಮಿಷದಲ್ಲಿ ಇಳಿಸುವ ದಿಢೀರ್ ಇಡ್ಲಿಗೂ ಇರುವ ಅಂತರ ರುಚಿಯದು ಮಾತ್ರವಲ್ಲ. ಆದರೆ ಹಿಮೋಗ್ಲೋಬಿನ್ ತೀರಾ ಕಡಿಮೆಯಿದ್ದರೆ ತಿಂಡಿಯಿಂದಲೇ ಸರಿಪಡಿಸುವ ಹಟ ಬೇಡ, ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಬೇಕಾಗುತ್ತದೆ.

ಚೀಟಿ ಓದುವವ:

ಓಟ್ಸ್ ಮತ್ತು ಡಬ್ಬಿಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಪೊಟ್ಟಣದ ಮುಂಭಾಗವನ್ನು ಓದಬೇಡಿ, ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ನಮ್ಮ ಕಾನೂನಿನ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಮೊನ್ನೆ ‘ರಾಗಿ’ ಎಂದು ದಪ್ಪಕ್ಷರದಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಮೊದಲು ಗೋಧಿ ಹಿಟ್ಟು, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ, ರಾಗಿ ಬಂದದ್ದು ನಾಲ್ಕನೆಯದಾಗಿ. ಅಂಗಡಿಯಲ್ಲೇ ನಗು ಬಂತು. ಹಾಲಿಗೆ ಬೆರೆಸುವ ಪುಡಿಗಳ ವಿಷಯವೂ ಹಾಗೆಯೇ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗಕ್ಕೆ ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲದ ಕಾರಣ ಅವುಗಳನ್ನು ಆ ವರ್ಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲಿನಲ್ಲಿ ಆನ್‌ಲೈನ್ ಮಾರಾಟದ ತಾಣಗಳಿಗೆ ಸೂಚಿಸಿತ್ತು. ನಿಮ್ಮ ಮಗನ ಹಾಲಿಗೆ ಪುಡಿ ಹಾಕುತ್ತಿದ್ದರೆ ಅದರಲ್ಲಿ ಸಕ್ಕರೆ ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿ.

ಹಿಮದೂರು (ಕೆನಡಾ):

ಇಲ್ಲಿ ಓಟ್ಸ್ ಅಗ್ಗ, ಉದ್ದಿನಬೇಳೆ ದುಬಾರಿ, ಹೀಗಾಗಿ ಹನ್ನೆರಡು ವರ್ಷಗಳ ಅನುಭವದಿಂದ ಹೇಳುತ್ತಿದ್ದೇನೆ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಕೊಲೆಸ್ಟ್ರಾಲ್ ತಗ್ಗಿಸಲು ನೆರವಾಗುವುದು ನಿಜ, ಆದರೆ ಬಿಸಿನೀರು ಹಾಕಿ ಎರಡು ನಿಮಿಷ ಕಾಯುವ ಮಸಾಲೆ ಓಟ್ಸ್‌ಗೂ ಕತ್ತರಿಸಿದ ಇಡೀ ಕಾಳಿನ ಓಟ್ಸ್‌ಗೂ ರಾಗಿ ಗಂಜಿ ಮತ್ತು ರಾಗಿ ಮುದ್ದೆಯಷ್ಟೇ ಅಂತರವಿದೆ. ನಾನು ದಪ್ಪ ಓಟ್ಸ್ ಹುರಿದು ತರಕಾರಿ, ಬಟಾಣಿ ಹಾಕಿ ಉಪ್ಪಿಟ್ಟಿನ ಒಗ್ಗರಣೆಯಲ್ಲೇ ಮಾಡುತ್ತೇನೆ. ನೆಲಮಂಗಲದಲ್ಲಿದ್ದುಕೊಂಡು ಇದನ್ನು ಮಾಡಲೇಬೇಕಾದ ಅಗತ್ಯವಿಲ್ಲ. ಅವರೆಕಾಳಿನ ಕಾಲದಲ್ಲಿ ಅಲ್ಲಿದ್ದರೆ ನಾನಂತೂ ಓಟ್ಸ್ ಮುಟ್ಟುತ್ತಿರಲಿಲ್ಲ.

ಪಥ್ಯದಡುಗೆ (ಶಿವಮೊಗ್ಗ):

ಅವರೆಕಾಳಿನ ಉಪ್ಪಿಟ್ಟು ಮೂರಕ್ಕೊಂದನ್ನೂ ಮೀರಿಸುತ್ತದೆ! ಹಾಗೆಯೇ ಮರೆತುಹೋಗುತ್ತಿರುವ ಇನ್ನೊಂದು ತಿಂಡಿಯನ್ನು ನೆನಪಿಸುತ್ತೇನೆ, ನುಚ್ಚಿನುಂಡೆ. ತೊಗರಿಬೇಳೆಯನ್ನು ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ತೆಂಗಿನತುರಿ, ಹಸಿಮೆಣಸಿನಕಾಯಿ, ಶುಂಠಿ ಸೇರಿಸಿ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಡುವುದು. ಧಾನ್ಯವೇ ಇಲ್ಲ, ಎಣ್ಣೆ ಹೆಸರಿಗಷ್ಟೇ. ನಾಲ್ಕು ಉಂಡೆಗೆ ಐವತ್ತು ಗ್ರಾಂ ಬೇಳೆ ಹೋದರೆ ಹತ್ತು ಗ್ರಾಮಿಗೂ ಹೆಚ್ಚು ಪ್ರೋಟೀನು. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಹಿತವಾದ ತಿಂಡಿ ನಮ್ಮ ಅಡುಗೆಮನೆಯಲ್ಲಿ ಕಡಿಮೆ. ಖಾರಾ ಪೊಂಗಲನ್ನು ಅಕ್ಕಿಗೆ ಸರಿಸಮ ಹೆಸರುಬೇಳೆ ಹಾಕಿ ಮಾಡಿದರೆ ಅದೂ ಸರಿಯೇ, ತುಪ್ಪದ ಕೈ ಹಿಡಿತದಲ್ಲಿರಬೇಕು. ಚಿತ್ರಾನ್ನ ಬಿಡಲಾಗದಿದ್ದರೆ ಅನ್ನ ಅರ್ಧ ಮಾಡಿ, ಉಳಿದರ್ಧಕ್ಕೆ ಬೇಯಿಸಿದ ಕಾಳು ಮತ್ತು ತುರಿದ ಕ್ಯಾರೆಟ್ ಬರಲಿ. ತಟ್ಟೆಗೆ ಬಡಿಸುವಾಗ ಮಾವನವರಿಗೆ ಮೊದಲು ಕೋಸಂಬರಿ ಕೊಡಿ, ಅದು ಮುಗಿದ ಮೇಲೆ ಅನ್ನ. ತರಕಾರಿ ಮತ್ತು ಪ್ರೋಟೀನನ್ನು ಪಿಷ್ಟಕ್ಕಿಂತ ಮೊದಲು ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ.

ನೆಲಮಂಗಲದ ಸೊಸೆ:

ಐದು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ನಿಮ್ಮೆಲ್ಲರ ಮಾತುಗಳನ್ನು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ.

ಮೊದಲ ವಾರ ಎಲ್ಲವೂ ಕೆಟ್ಟಿತು ಎಂದೇ ಹೇಳಬೇಕು. ಬೇಳೆ ಹೆಚ್ಚಾದರೆ ಒಳ್ಳೆಯದೆಂದು ಎರಡಕ್ಕೊಂದರಂತೆ ಉದ್ದು ಹಾಕಿ ರುಬ್ಬಿದೆ. ಚಳಿಗೆ ಹಿಟ್ಟು ಉಬ್ಬಲಿಲ್ಲ, ಇಡ್ಲಿ ಬಟ್ಟೆಗೆ ಅಂಟಿಕೊಂಡು ಚಮಚದಲ್ಲಿ ಕೆರೆದು ತೆಗೆಯಬೇಕಾಯಿತು. ಅತ್ತೆಯವರು ಏನೂ ಹೇಳದೆ ಮರುದಿನ ತಾವೇ ಪಾವು ಹಿಡಿದು ಮೂರಕ್ಕೊಂದು ಅಳೆದು ನೆನೆಹಾಕಿದರು, ಚಮಚ ಮೆಂತ್ಯವನ್ನೂ ಸೇರಿಸಿದರು. ಮಾವನವರು ಅನ್ನಕ್ಕೆ ಮೊದಲು ಬಂದ ಕೋಸಂಬರಿಯನ್ನು ನೋಡಿ ‘ಇದು ತಿಂಡಿಯೋ, ದನದ ಮೇವೋ’ ಎಂದರು. ಎರಡನೇ ವಾರದಿಂದ ಅದಕ್ಕೆ ದಾಳಿಂಬೆ ಕಾಳು ಉದುರಿಸತೊಡಗಿದೆ, ಮೇವಿನ ಮಾತು ನಿಂತಿತು.

ಈಗ ನಮ್ಮ ವಾರ ಹೀಗಿದೆ. ಇಡ್ಲಿ, ದೋಸೆ ಉಳಿದಿವೆ, ಸಾಂಬಾರು ಮಾತ್ರ ಗಟ್ಟಿಯಾಗಿದೆ. ಚಿತ್ರಾನ್ನದ ದಿನ ಅರ್ಧ ಅನ್ನ, ಅರ್ಧ ಕಾಳು. ಬುಧವಾರದ ಉಪ್ಪಿಟ್ಟು ಅವರೆಕಾಳಿನದು. ಶುಕ್ರವಾರದ ಅವಲಕ್ಕಿಗೆ ಕಡಲೆಬೀಜ ಧಾರಾಳ, ಒಲೆ ಆರಿಸಿದ ಮೇಲೆ ನಿಂಬೆ. ಶನಿವಾರ ಪುಳಿಯೋಗರೆಯ ಜಾಗಕ್ಕೆ ನುಚ್ಚಿನುಂಡೆ ಬಂದಿದೆ, ಅದನ್ನು ಅತ್ತೆಯವರು ತಮ್ಮ ತಾಯಿ ಮಾಡುತ್ತಿದ್ದರೆಂದು ತಾವೇ ಮುಂದೆ ನಿಂತು ಕಲಿಸಿದರು. ಮಕ್ಕಳಿಗೆ ಮೂರು ದಿನ ಬೇಯಿಸಿದ ಮೊಟ್ಟೆ. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಮೊಟ್ಟೆ ಒಡೆಯುವುದಿಲ್ಲ. ಭಾನುವಾರದ ಪೂರಿಯನ್ನು ತಿಂಗಳಿಗೆ ಒಂದಕ್ಕೆ ಇಳಿಸಿದ್ದೇವೆ, ಪೂರ್ತಿ ನಿಲ್ಲಿಸಲು ಯಾರೂ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮಗಳು ಚಹಾವನ್ನು ಸಂಜೆಗೆ ದೂಡಿದ್ದಾಳೆ, ಕಬ್ಬಿಣದ ಮಾತ್ರೆಯೂ ನಡೆಯುತ್ತಿದೆ. ಅತ್ತೆಯವರ ಕಾಫಿ ಈಗ ಮಾತ್ರೆಯ ನಂತರ ಒಂದು ಗಂಟೆಗೆ, ಆ ಒಂದು ಗಂಟೆ ಅವರು ಯಾರೊಡನೆಯೂ ಮಾತಾಡುವುದಿಲ್ಲ. ಮಗ ಸೊಪ್ಪನ್ನು ಇನ್ನೂ ಆರಿಸಿ ಬದಿಗಿಡುತ್ತಾನೆ, ನುಚ್ಚಿನುಂಡೆಯಲ್ಲಿ ಮಾತ್ರ ಆರಿಸಲು ಆಗುತ್ತಿಲ್ಲ.

ಈ ಎಲ್ಲದರಲ್ಲಿ ನನಗೆ ನಿಜವಾಗಿ ನೆರವಾದದ್ದು ಯಜಮಾನರು ರಾತ್ರಿಯ ಪಾಳಿ ವಹಿಸಿಕೊಂಡದ್ದು. ಕಾಳು ನೆನೆಸುವುದು, ಮೊಳಕೆಗೆ ಕಟ್ಟುವುದು, ತರಕಾರಿ ಹೆಚ್ಚಿ ಡಬ್ಬಿಗೆ ಹಾಕುವುದು ಅವರ ಕೆಲಸ. ಅವರು ಮರೆತ ದಿನ ಬೆಳಿಗ್ಗೆ ಮತ್ತೆ ಬರೀ ಚಿತ್ರಾನ್ನವೇ. ಮಾವನವರ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಗೆ ಇನ್ನೂ ಸಮಯವಿದೆ, ಅದಕ್ಕೆ ಮೊದಲು ಫಲಿತಾಂಶ ಹೇಳಲಾರೆ. ಹನ್ನೊಂದರ ಬಿಸ್ಕತ್ತು ಮಾತ್ರ ತಾನಾಗಿಯೇ ನಿಂತಿದೆ, ಕೇಳಿದರೆ ಹಸಿವಿಲ್ಲ ಎನ್ನುತ್ತಾರೆ.

ಕೊನೆಯದಾಗಿ ಒಂದು ಪ್ರಶ್ನೆ. ಹೆಸರುಕಾಳು ಒಂದೇ ದಿನಕ್ಕೆ ಮೊಳಕೆ ಬರುತ್ತದೆ, ಹುರುಳಿ ಎರಡು ದಿನವಾದರೂ ಬಿರಿಯದೆ ವಾಸನೆ ಬರುತ್ತಿದೆ. ನಮ್ಮಿಂದ ಎಲ್ಲಿ ತಪ್ಪಾಗುತ್ತಿದೆ?

ಬಿಳಿಜೋಳ (ವಿಜಯಪುರ):

ನೀರು ಹೆಚ್ಚು ಉಳಿಯದಂತೆ ಬಸಿಯಬೇಕು, ಅಕ್ಕಾರೆ. ಹುರುಳಿಯನ್ನು ಹನ್ನೆರಡು ತಾಸು ನೆನೆಸಿ, ಎರಡು ಸಲ ತೊಳೆದು, ನೀರು ಪೂರ್ತಿ ಬಸಿದ ಮೇಲೆಯೇ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿರಿ. ಚಳಿಗಾಲದಲ್ಲಿ ಗಂಟನ್ನು ಕಲ್ಲಿನ ಕಟ್ಟೆಯ ಮೇಲೆ ಇಡಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಒಲೆಯ ಬದಿಗೆ ಇಡಿರಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಬಟ್ಟೆ ಬಿಚ್ಚಿ ತೊಳೆದು ಮತ್ತೆ ಕಟ್ಟಿದರೆ ವಾಸನೆ ಬರುವುದಿಲ್ಲ. ಹಳೆಯ ಹುರುಳಿಯಾದರೆ ಏನು ಮಾಡಿದರೂ ಮೊಳಕೆ ಬಾರದು, ಅದನ್ನು ಸಾರಿಗೆ ಹಾಕಿ ಹೊಸದನ್ನು ತನ್ನಿರಿ.